ಸೀರಿಯಲ್ ನಾಯಕಿಗೂ "ಬೇಕು" ಅನ್ನೋ ಮಾತು ಕೊಡಿ: ಕನ್ನಡ ವಾಹಿನಿಗಳಿಗೆ ಒಂದು ಬಹಿರಂಗ ಪತ್ರ

ಕನ್ನಡ ಮನರಂಜನಾ ವಾಹಿನಿಗಳ ಫಿಕ್ಷನ್ ವಿಭಾಗದ ಮುಖ್ಯಸ್ಥರಿಗೆ, ಸೀರಿಯಲ್ ನಿರ್ಮಾಪಕರಿಗೆ, ನಿರ್ದೇಶಕರಿಗೆ, ಮತ್ತೆ ರಾತ್ರಿಯೆಲ್ಲಾ ಕೂತು ನಾಳೆಯ ಸೀನ್ ಬರೆಯೋ ನನ್ನ ಬರಹಗಾರ ಮಿತ್ರರಿಗೆ,

ನಮಸ್ಕಾರ.

ನಾನ್ಯಾರು ಅಂತ ಮೊದಲು ಹೇಳಿಬಿಡ್ತೀನಿ. ಮೂರು ವರ್ಷ ಎರಡು ಸೀರಿಯಲ್‌ಗೆ ಡೈಲಾಗ್ ಬರೆದೋಳು. ಊರು ತಿಪಟೂರು ಕಡೆ. ವಿಜಯನಗರದಲ್ಲಿ ಒಂದು ಪಿಜಿ, ಅದರಲ್ಲಿ ಒಂದು ಮಂಚ, ಮಂಚದ ಮೇಲೆ ಲ್ಯಾಪ್‌ಟಾಪ್, ಅಷ್ಟೇ ನನ್ನ ಆಫೀಸು. ಚಾನೆಲ್‌ನಿಂದ ಒನ್‌ಲೈನ್, ಅಂದ್ರೆ ಎಪಿಸೋಡಲ್ಲಿ ಏನಾಗುತ್ತೆ ಅನ್ನೋ ಚಿಕ್ಕ ಸಾರಾಂಶ, ಓಕೆ ಆಗಿ ಬರ್ತಿತ್ತು, ಸ್ಕ್ರೀನ್‌ಪ್ಲೇ ಬರೆಯೋರು ಅದನ್ನ ಸೀನ್ ಮಾಡಿ ಕಳಿಸೋರು, ನಾನು ಅದಕ್ಕೆ ಮಾತು ತುಂಬಿ ಬೆಳಿಗ್ಗೆ ಏಳರ ಒಳಗೆ ಸೆಟ್‌ಗೆ ವಾಟ್ಸಾಪ್ ಮಾಡ್ತಿದ್ದೆ, ಒಂಬತ್ತಕ್ಕೆ ಕಲಾವಿದರು ಮೇಕಪ್ ಮುಗಿಸಿ ಬರೋ ಹೊತ್ತಿಗೆ ಅಸಿಸ್ಟೆಂಟ್ ಹುಡುಗ ಪ್ರಾಂಪ್ಟ್ ಮಾಡೋಕೆ ಪೇಪರ್ ಹಿಡ್ಕೊಂಡು ರೆಡಿ ಇರ್ತಿದ್ದ. ಈಗ ಆ ಕೆಲಸ ಬಿಟ್ಟಿದ್ದೀನಿ. ಯಾರ ಮೇಲೂ ಕೋಪ ತೀರಿಸ್ಕೊಳ್ಳೋಕೆ ಇದನ್ನ ಬರೀತಿಲ್ಲ, ಅದಕ್ಕೇ ಯಾವ ವಾಹಿನಿ ಯಾವ ಸೀರಿಯಲ್ ಅಂತ ಹೇಳೋದೂ ಇಲ್ಲ. ನನಗೆ ಕೆಲಸ ಕೊಟ್ಟಿದ್ದೂ ಅವರೇ, ತಡರಾತ್ರಿ ಆದ್ರೆ ಊಟ ಆಯ್ತಾ ಅಂತ ಕೇಳಿದ್ದೂ ಅವರೇ. ಆದ್ರೆ ಒಂದು ಮಾತು ಎದೆಯಲ್ಲಿ ಕೂತುಬಿಟ್ಟಿದೆ, ಹೇಳದೇ ಇದ್ರೆ ಆಗಲ್ಲ.

ಒಂದು ಸೀನ್ ಬಗ್ಗೆ ಹೇಳ್ತೀನಿ. ನಾಯಕಿಗೆ 23 ವರ್ಷ, ಬಿಕಾಂ ಮಾಡಿದ್ದಾಳೆ, ಒಂದು ಸಹಕಾರಿ ಬ್ಯಾಂಕಲ್ಲಿ ಕೆಲಸ. ತಂಗಿ ಓಡಿಹೋಗಿದ್ದಕ್ಕೆ ಅವಳ ಜಾಗದಲ್ಲಿ ಇವಳು ಹಸೆಮಣೆ ಮೇಲೆ ಕೂತಿದ್ದಾಳೆ. ಸುಮಾರು ನೂರು ಎಪಿಸೋಡ್ ಆದ್ಮೇಲೆ ಗಂಡ ಹೆಂಡತಿ ಮಧ್ಯೆ ಪ್ರೀತಿ ಶುರುವಾಗಿ ಮನೆಯೋರು ಶೋಭನ ಇಟ್ಕೊಂಡಿದ್ದಾರೆ. ಒನ್‌ಲೈನಲ್ಲಿ ಇದ್ದಿದ್ದು ಇಷ್ಟೇ: ಹೂವಿನ ಮಂಚ, ಹಾಲಿನ ಲೋಟ, ನಾಯಕಿಗೆ ನಾಚಿಕೆ, ನಾಯಕನಿಗೆ ಫೋನ್ ಬರುತ್ತೆ, ಹೊರಟ್ಹೋಗ್ತಾನೆ. ನಾನು ಫೋನ್ ಬರೋಕೆ ಮುಂಚೆ ಅವಳಿಗೆ ನಾಲ್ಕು ಸಾಲು ಕೊಟ್ಟೆ.

"ಕೂತ್ಕೊಳ್ಳಿ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇವತ್ತು ಬೇಡ, ಇವತ್ತು ಇಡೀ ಮನೆ ಬಾಗಿಲ ಹೊರಗೆ ಕಾಯ್ತಾ ಇದೆ ಅನ್ನಿಸ್ತಿದೆ. ನನಗೆ ಬೇಕು ಅನ್ನಿಸಿದ ದಿನ ನಾನೇ ಹೇಳ್ತೀನಿ."

ರಾತ್ರಿ ಹತ್ತೂವರೆಗೆ ಫೋನ್ ಬಂತು. ಮಾತು ಚೆನ್ನಾಗಿದೆ ಮೇಡಂ, ಆದ್ರೆ ಕೊನೆ ಸಾಲು ತೆಗೀರಿ ಅಂದ್ರು. ಯಾಕೆ ಸರ್ ಅಂದೆ. "ಬೇಡ ಅನ್ಲಿ, ತೊಂದ್ರೆ ಇಲ್ಲ. ಬೇಕು ಅನ್ನಿಸಿದ ದಿನ ಅಂದ್ರೆ ಫ್ಯಾಮಿಲಿ ಆಡಿಯನ್ಸ್ ಅವಳನ್ನ ಒಪ್ಪಲ್ಲ, ನಮ್ಮ ನಾಯಕಿ ಅಂಥಾ ಹುಡುಗಿ ಅಲ್ಲ." ನಾನು ತೆಗೆದೆ. ಬೆಳಿಗ್ಗೆ ಶೂಟ್ ಇತ್ತು, ಜಗಳ ಆಡೋಕೆ ಟೈಮ್ ಇರಲಿಲ್ಲ, ಧೈರ್ಯನೂ ಇರಲಿಲ್ಲ.

ಒಂದು ತಿಂಗಳಾದ್ಮೇಲೆ ಅದೇ ಸೀರಿಯಲ್‌ಗೆ ವಿಲನ್ ಹುಡುಗಿ ಬಂದ್ಲು, ನಾಯಕನ ಹಳೇ ಕಾಲೇಜು ಫ್ರೆಂಡು. ಅವಳಿಗೆ ಕನ್ನಡಿ ಮುಂದೆ ನಿಂತ್ಕೊಂಡು ಮಾತಾಡೋ ಸೀನ್ ಬರೀರಿ ಅಂದ್ರು. "ಅವನು ನನಗೆ ಬೇಕು. ಬೇಕು ಅಂದ್ರೆ ಬೇಕು." ಬರೆದೆ. ಒಂದೇ ಸೀನಲ್ಲಿ "ಬೇಕು" ಆರೇಳು ಸಲ ಬಂತು. ಆ ರಾತ್ರಿ ಯಾರೂ ಫೋನ್ ಮಾಡಲಿಲ್ಲ, ಸೀನ್ ಹಾಗೇ ಶೂಟ್ ಆಯ್ತು, ಪ್ರೋಮೋದಲ್ಲೂ ಅದೇ ಸಾಲು ಬಂತು. ಪ್ರೋಮೋ ನೋಡ್ತಾ ಕೂತಾಗ ನನಗೆ ಅರ್ಥ ಆಯ್ತು, ನಾನು ಮೂರು ವರ್ಷದಿಂದ ಬರೀತಿದ್ದ ಭಾಷೆಯ ವ್ಯಾಕರಣ ಏನು ಅಂತ. ನಮ್ಮ ಸೀರಿಯಲ್‌ಗಳಲ್ಲಿ "ಬೇಕು" ಅನ್ನೋದು ಕೆಟ್ಟ ಹುಡುಗಿಯ ಮಾತು. ಸ್ಲೀವ್‌ಲೆಸ್ ಬ್ಲೌಸು, ಬಿಟ್ಟ ಕೂದಲು, ಗಾಢ ಲಿಪ್‌ಸ್ಟಿಕ್ಕು, ಹಿಂದೆ ಆ ಹಿನ್ನೆಲೆ ಸಂಗೀತ, ಇವೆಲ್ಲಾ ಬರೀ ಅಲಂಕಾರ, ಅವಳನ್ನ ಕೆಟ್ಟೋಳು ಮಾಡೋದು ಆ ಒಂದು ಪದ.

ಇದು ನಾಚಿಕೆ ಮಾನ ಮರ್ಯಾದೆ ಪ್ರಶ್ನೆ ಅಂತ ನೀವು ಹೇಳಬಹುದು. ಆದ್ರೆ ಇದರಿಂದ ಆಗೋ ಅನಾಹುತ ಬೇರೆ ಇದೆ ಅಂತ ನನಗನ್ನಿಸುತ್ತೆ. ಬೇಕು ಅಂತ ಬಾಯಿಬಿಟ್ಟು ಹೇಳೋ ಹಾಗೇ ಇಲ್ಲದ ಹುಡುಗಿ ಬೇಡ ಅಂದ್ರೆ, ಆ ಬೇಡಕ್ಕೆ ಏನು ಬೆಲೆ? ಎಲ್ಲಾ ಒಳ್ಳೇ ಹುಡುಗೀರೂ ಮೊದಲು ಬೇಡ ಅಂತಾನೇ ಹೇಳ್ತಾರೆ, ಅದು ನಾಚಿಕೆ, ಆಮೇಲೆ ಒಪ್ಕೋತಾರೆ, ಅಂತ ನಾವು ದಿನಾ ಅರ್ಧ ಗಂಟೆ ಪಾಠ ಮಾಡಿದ್ಮೇಲೆ, ನಿಜವಾಗಿ ಬೇಡ ಅನ್ನೋ ಹುಡುಗಿಯ ಮಾತನ್ನ ಯಾರು ನಂಬ್ತಾರೆ. ಅವಳ "ಬೇಡ"ವನ್ನ ನಾವೇ ಅವಳ ಬಾಯಿಂದ ಕಿತ್ಕೊಂಡಿದ್ದೀವಿ.

ಬಲವಂತದ ತಾಳಿ ಇಲ್ಲಿಂದಾನೇ ಬರುತ್ತೆ. ನಿಮಗೆಲ್ಲಾ ಗೊತ್ತಿರೋ ಟ್ರ್ಯಾಕು. ನಾಯಕನಿಗೆ ನಾಯಕಿ ಮೇಲೆ ಸಿಟ್ಟು ಅಥವಾ ಸೇಡು ಅಥವಾ ಅಜ್ಜಿಗೆ ಕೊಟ್ಟ ಮಾತು, ದೇವಸ್ಥಾನದಲ್ಲಿ ಅವಳು ಕಣ್ಮುಚ್ಚಿ ಕೈ ಮುಗಿದಿದ್ದಾಗ ಬಂದು ತಾಳಿ ಕಟ್ಟಿಬಿಡ್ತಾನೆ, ಗಂಟೆ ಸದ್ದು, ಎಲ್ಲರ ಮುಖದ ಮೇಲೂ ಮೂರು ಮೂರು ಸಲ ಕ್ಯಾಮೆರಾ, ಮಹಾಸಂಚಿಕೆ. ಗುರುವಾರ ಟಿಆರ್‌ಪಿ ಬರುತ್ತೆ, ನಂಬರ್ ಏರಿರುತ್ತೆ. ಮುಂದಿನ ನೂರೈವತ್ತು ಎಪಿಸೋಡು ಅವಳು ಆ ತಾಳಿಗೆ ಬೆಲೆ ಕೊಟ್ಟು ಆ ಮನೆ ಬೆಳಗಿಸ್ತಾಳೆ, ಅವನಿಗೆ ಜ್ವರ ಬಂದ್ರೆ ಒದ್ದೆ ಬಟ್ಟೆ ಹಾಕ್ತಾಳೆ, ಕೊನೆಗೆ ಪ್ರೀತಿನೂ ಆಗುತ್ತೆ. ಇಂಥಾ ಟ್ರ್ಯಾಕಿಗೆ ನಾನೂ ಬರೆದಿದ್ದೀನಿ. "ಕಟ್ಟಿದ್ದು ಕೋಪದಲ್ಲಿ ಆದ್ರೂ ತಾಳಿ ತಾಳಿನೇ ಅಲ್ವಾ ಅತ್ತೆ" ಅನ್ನೋ ಸಾಲು ನಂದೇ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ.

ಯಾಕಂದ್ರೆ ನನ್ನ ಚಿಕ್ಕಮ್ಮನ ಮಗಳು. ಅವಳಿಗೆ 21ಕ್ಕೆ ಮದುವೆ ಮಾಡಿದ್ರು. ಮೊದಲನೇ ವಾರದಿಂದಾನೇ ಅವಳಿಗೆ ಇಷ್ಟ ಇದ್ಯೋ ಇಲ್ವೋ ಅಂತ ಕೇಳೋ ಪದ್ಧತಿ ಆ ಮನುಷ್ಯನಿಗೆ ಇರಲಿಲ್ಲ. ನೋವು ಅಂದ್ರೂ ಕೇಳ್ತಿರಲಿಲ್ಲ. ಎಂಟು ತಿಂಗಳು ಯಾರಿಗೂ ಹೇಳಿಲ್ಲ ಅವಳು. ಗೌರಿ ಹಬ್ಬಕ್ಕೆ ಬಂದಾಗ ರಾತ್ರಿ ನನ್ನ ಪಕ್ಕ ಮಲಗಿದ್ದಾಗ ಹೇಳಿದ್ಲು. ಇಷ್ಟು ದಿನ ಯಾಕೆ ಸುಮ್ನಿದ್ದೆ ಅಂದೆ. "ಮೊದಮೊದಲು ಹಾಗೇ ಅಲ್ವಾ ಅಕ್ಕ, ಆಮೇಲೆ ಸರಿಹೋಗುತ್ತೆ ಅಂದ್ಕೊಂಡೆ, ನಿಮ್ಮ ಸೀರಿಯಲ್‌ನಲ್ಲೂ ಹಾಗೇ ಅಲ್ವಾ" ಅಂದ್ಲು. ಅವಳು ಆರೋಪ ಮಾಡಲಿಲ್ಲ. ಸುಮ್ನೆ ಗೊತ್ತಿರೋ ವಿಷಯ ಹೇಳೋ ಹಾಗೆ ಹೇಳಿದ್ಲು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಅವಳ ಸಂಸಾರ ಹಾಳಾಗಿದ್ದು ಸೀರಿಯಲ್‌ನಿಂದ ಅಂತ ನಾನು ಹೇಳ್ತಿಲ್ಲ, ತಪ್ಪು ಆ ಮನುಷ್ಯಂದು. ಆದ್ರೆ ಇದು ತಪ್ಪು ಅಂತ ಗುರುತಿಸೋಕೆ ಅವಳಿಗೆ ಬೇಕಿದ್ದ ಮಾತು ಅವಳ ಹತ್ರ ಇರಲಿಲ್ಲ, ದಿನಾ ರಾತ್ರಿ ಅವಳ ಮನೆಯೊಳಗೆ ಹೋಗ್ತಿದ್ದ ನಾವು ಅದನ್ನ ಕೊಟ್ಟಿರಲಿಲ್ಲ, ಅದರ ಬದಲು ಬೇರೆ ಏನೋ ಕೊಟ್ಟಿದ್ವಿ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಕೂತು ಓದಿದೆ, ಡೈಲಾಗ್ ಬರೆಯೋಕೆ ಮುಂಚೆ ಓದಬೇಕಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಲವಂತದಿಂದ ಒಪ್ಪಿಗೆ ತಗೊಂಡು ಮಾಡಿದ ಮದುವೆಯನ್ನ ಕೋರ್ಟಲ್ಲಿ ರದ್ದು ಮಾಡಿಸಬಹುದು, ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮ ನಾಯಕಿಯರು ಆ ಒಂದು ವರ್ಷ ರಂಗೋಲಿ ಹಾಕ್ತಾ ಕಳೀತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯ ಅಂತ ಸ್ಪಷ್ಟವಾಗಿ ಬರೆದಿದೆ, ಅದು ಗಂಡನಿಗೂ ಅನ್ವಯಿಸುತ್ತೆ. ಹೆಂಡತಿ ಮೇಲಿನ ಅತ್ಯಾಚಾರವನ್ನ ಅಪರಾಧದಿಂದ ಹೊರಗಿಡೋ ವಿನಾಯಿತಿ ಹಳೇ ಐಪಿಸಿಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳ್ಕೊಂಡಿದೆ. ಆದ್ರೆ 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ಕೇಸಲ್ಲಿ, ಗಂಡ ಅನ್ನೋ ಕಾರಣಕ್ಕೆ ಆ ಆರೋಪ ಕೈಬಿಡೋಕೆ ಒಪ್ಪಲಿಲ್ಲ. ಆಮೇಲೆ ಸುಪ್ರೀಂ ಕೋರ್ಟ್ ತಡೆ ಕೊಡ್ತು, ವಾದ ನಡೀತಾ ಬಂದಿದೆ. ಇಷ್ಟು ದೊಡ್ಡ ಪ್ರಶ್ನೆ ನಮ್ಮದೇ ಊರಿನ ಕೋರ್ಟಲ್ಲಿ ಎದ್ದಾಗ ನಮ್ಮದೇ ಊರಿನ ಸ್ಟುಡಿಯೋಗಳಲ್ಲಿ ನಾವು ದೇವಸ್ಥಾನದ ಗಂಟೆ ಸೌಂಡ್ ಎಫೆಕ್ಟ್ ಜೋಡಿಸ್ತಿದ್ವಿ.

ಮೈ ವಿಷಯಕ್ಕೆ ಬರ್ತೀನಿ. ಸೀರಿಯಲ್ ಸಾವಿರ ಎಪಿಸೋಡ್ ಓಡುತ್ತೆ. ಆ ಸಾವಿರ ಎಪಿಸೋಡಲ್ಲಿ ನಾಯಕಿ ಒಂದು ದಿನಾನೂ ಮುಟ್ಟಾಗಲ್ಲ. ಯೋಚನೆ ಮಾಡಿ ನೋಡಿ. ಪೂಜೆ ಇಲ್ಲದ ವಾರ ಇಲ್ಲ, ವರಮಹಾಲಕ್ಷ್ಮಿ, ಗೌರಿ, ಸತ್ಯನಾರಾಯಣ, ಹೋಮ, ಉರುಳುಸೇವೆ. ಬಿಕಾಂ ಓದಿದ 23ರ ಹುಡುಗಿಗೆ ಒಂದು ಸಲಾನೂ ಡೇಟ್ ಪ್ರಾಬ್ಲಂ ಬರಲ್ಲ. ನಮ್ಮ ಮನೇಲಿ ಹೇಗೆ ಗೊತ್ತಾ, ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಮುಂಚೆ ಅಮ್ಮ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿ ಮೆಡಿಕಲ್ ಶಾಪಿಂದ ಮುಂದಕ್ಕೆ ಹಾಕೋ ಮಾತ್ರೆ ತರಿಸೋರು. ನನಗೆ 16 ವರ್ಷ ಆದಾಗಿಂದ ಹಬ್ಬ ಅಂದ್ರೆ ಆ ಮಾತ್ರೆ. ಡಾಕ್ಟರ್ ಚೀಟಿ ಯಾರೂ ಕೇಳ್ತಿರಲಿಲ್ಲ. ಆಮೇಲೆ ಬರೋ ಮುಟ್ಟಲ್ಲಿ ಎದ್ದು ನಿಲ್ಲೋಕಾಗ್ತಿರಲಿಲ್ಲ. ನಿಮ್ಮ ಸೀರಿಯಲ್ ನೋಡೋ ಎಷ್ಟೋ ಮನೇಲಿ ಈ ಮಾತ್ರೆ ದೇವರ ಮನೆ ಕಪಾಟಿನ ಪಕ್ಕದಲ್ಲೇ ಇರುತ್ತೆ. ಒಂದೇ ಒಂದು ಸೀನ್ ಸಾಕು ಕಣ್ರೀ. ಅತ್ತೆ ಮಾತ್ರೆ ತಂದುಕೊಡ್ಲಿ, ಸೊಸೆ "ಬೇಡ ಅತ್ತೆ, ಈ ಸಲ ನೀವು ಪೂಜೆ ಮಾಡಿ, ನಾನು ಹೂ ಕಟ್ಟಿಕೊಡ್ತೀನಿ" ಅನ್ಲಿ, ಅತ್ತೆ ಒಂದು ನಿಮಿಷ ಸುಮ್ನಿದ್ದು ಸರಿ ಅನ್ಲಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರದ ಸಂಪುಟವೇ ಕೆಲಸಕ್ಕೆ ಹೋಗೋ ಹೆಣ್ಮಕ್ಕಳಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆ ಕೊಡೋಕೆ ಒಪ್ಪಿಗೆ ಕೊಡ್ತು. ವಿಧಾನಸೌಧದಲ್ಲಿ ಆಡಬಹುದಾದ ಪದ ನಮ್ಮ ಪ್ರೈಮ್‌ಟೈಮಲ್ಲಿ ಆಡಬಾರದು ಅಂದ್ರೆ ಏನರ್ಥ.

ಸೆಟ್‌ನಲ್ಲಿ ಆ ಪಾತ್ರ ಮಾಡೋ ಹುಡುಗಿಗೂ ಮೈ ಇದೆ. ರಾಜರಾಜೇಶ್ವರಿನಗರದ ಒಂದು ಶೂಟಿಂಗ್ ಮನೆಯಲ್ಲಿ ನಾನು ನೋಡಿದ್ದು ಇದು. ಉರುಳುಸೇವೆ ಸೀನು, ಅವಳಿಗೆ ಎರಡನೇ ದಿನ, ಒದ್ದೆ ಸೀರೆ. ನಲವತ್ತು ಜನರ ಯೂನಿಟ್‌ಗೆ ಇದ್ದಿದ್ದು ಎರಡು ಬಾತ್ರೂಮು. ಟೇಕ್ ಮಧ್ಯೆ ನನ್ನ ಹತ್ರ ಬಂದು ಮೆತ್ತಗೆ ಪ್ಯಾಡ್ ಇದ್ಯಾ ಅಂತ ಕೇಳಿದ್ಲು, ಕೊಟ್ಟೆ, ಹೋಗಿ ಬಂದು ಮತ್ತೆ ನೆಲದ ಮೇಲೆ ಉರುಳಿದ್ಲು, ಗಂಡನ ಆಯಸ್ಸಿಗೋಸ್ಕರ. ಆ ದಿನದ ಮಾತು ಬರೆದಿದ್ದು ನಾನು. ಅವಳ ನಿಜವಾದ ನೋವು ಆ ಸೀನಲ್ಲಿ ಎಲ್ಲೂ ಇರಲಿಲ್ಲ.

ಇನ್ನು ಬಸಿರು. ನಾಯಕಿ ತಲೆ ಸುತ್ತಿ ಬೀಳ್ತಾಳೆ, ಅಜ್ಜಿಯೋ ಮನೆ ಡಾಕ್ಟರೋ ನಾಡಿ ಹಿಡಿದು ಸಿಹಿಸುದ್ದಿ ಅಂತಾರೆ. ಬಸಿರು ಹೌದೋ ಅಲ್ವೋ ಅಂತ ಮನೇಲೇ ಪರೀಕ್ಷೆ ಮಾಡ್ಕೊಳ್ಳೋ ಕಿಟ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಸರ್ಕಾರದ ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯರ ಹತ್ರ ಪುಕ್ಕಟೆ ಸಿಗುತ್ತೆ. ತನ್ನ ಮೈಯಲ್ಲಿ ಏನಾಗ್ತಿದೆ ಅಂತ ಮೊದಲು ತಾನು ತಿಳ್ಕೊಂಡು, ಆಮೇಲೆ ಯಾರಿಗೆ ಹೇಳಬೇಕು ಯಾವಾಗ ಹೇಳಬೇಕು ಅಂತ ತಾನೇ ತೀರ್ಮಾನ ಮಾಡೋ ನಾಯಕಿನ ನನಗೆ ಬರೆಯೋಕೆ ಬಿಡಲಿಲ್ಲ. ಮನೆಯೋರಿಗೆಲ್ಲಾ ಗೊತ್ತಾದ್ಮೇಲೆ ಕೊನೇಲಿ ಗೊತ್ತಾಗೋದು ಅವಳಿಗೆ. ಮಗು ಈಗ ಬೇಕಾ ಅಂತ ಗಂಡ ಹೆಂಡತಿ ಕೂತು ಮಾತಾಡೋ ಸೀನು ನಾನು ನೋಡಿದ ಯಾವ ಸೀರಿಯಲ್‌ನಲ್ಲೂ ಇಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ಹೆಣ್ಮಕ್ಕಳಲ್ಲಿ ನೂರಕ್ಕೆ ಸುಮಾರು 38 ಜನ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡಿದ್ದಾರೆ, ಗಂಡ ಮಾಡಿಸ್ಕೊಂಡಿರೋದು ನೂರಕ್ಕೆ ಅರ್ಧಾನೂ ಇಲ್ಲ, 0.3. ಹೆರೋದೂ ಅವಳೇ, ನಿಲ್ಲಿಸೋದೂ ಅವಳೇ, ಮಾತು ಮಾತ್ರ ಅವಳದ್ದಲ್ಲ.

ಮಕ್ಕಳಾಗದೇ ಇದ್ರೆ ಬಂಜೆ ಅನ್ನೋ ಪದ. ಆ ಪದವನ್ನ ಅತ್ತೆ ಬಾಯಲ್ಲಿ ನಾನು ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತೆ ಅಂತ ಯಾವ ಡಾಕ್ಟರ್ ಬೇಕಾದ್ರೂ ಹೇಳ್ತಾರೆ, ಗಂಡಸಿನ ಟೆಸ್ಟು ಎಲ್ಲಕ್ಕಿಂತ ಸುಲಭ, ಅದನ್ನೇ ಮೊದಲು ಮಾಡಿಸಿ ಅಂತಾರೆ. ನಾಯಕ ಲ್ಯಾಬಿಗೆ ಹೋಗಿ ಟೆಸ್ಟ್ ಮಾಡಿಸ್ಕೊಳ್ಳೋ ಸೀನು ಬರೀತೀನಿ ಅಂದೆ ಒಂದು ಸಲ. ನಾಯಕನ ಇಮೇಜ್ ಹಾಳಾಗುತ್ತೆ ಅಂದ್ರು. ಬದಲಿಗೆ ನಾಯಕಿ ಬರಿಗಾಲಲ್ಲಿ ಬೆಟ್ಟ ಹತ್ತಿದ್ಲು.

ಮದುವೆಗೆ ಮುಂಚೆ ಬಸಿರಾದ ಹುಡುಗಿಯ ಟ್ರ್ಯಾಕ್ ಇನ್ನೂ ಘೋರ. ಅವಳಿಗೆ ಎರಡೇ ದಾರಿ, ಬಾವಿ ಅಥವಾ ಆ ಹುಡುಗನ ಜೊತೆ ಮದುವೆ, ಅವನು ಮೋಸ ಮಾಡಿದೋನೇ ಆಗಿದ್ರೂ ಸರಿ. ಈ ದೇಶದಲ್ಲಿ 1971ರಿಂದ ವೈದ್ಯಕೀಯ ಗರ್ಭಪಾತದ ಕಾಯ್ದೆ ಇದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆ ಆಗದ ಹೆಣ್ಮಕ್ಕಳಿಗೂ ಮದುವೆ ಆದೋರಷ್ಟೇ ಹಕ್ಕಿದೆ ಅಂತ ಹೇಳ್ತು. ಇದನ್ನ ಒಂದು ಪಾತ್ರದ ಬಾಯಲ್ಲಿ, ಒಬ್ಬ ಡಾಕ್ಟರಮ್ಮನ ಬಾಯಲ್ಲಿ, ಹತ್ತು ಸೆಕೆಂಡ್ ಹೇಳಿಸಿದ್ರೆ ಯಾವುದೋ ಊರಲ್ಲಿ ಬಾಗಿಲು ಹಾಕ್ಕೊಂಡು ಕೂತ ಒಂದು ಹುಡುಗಿ ಬಾವಿ ಕಡೆ ಹೋಗದೇ ಆಸ್ಪತ್ರೆ ಕಡೆ ಹೋಗ್ತಾಳೆ. ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ. ಸೀರಿಯಲ್‌ನಲ್ಲಿ ಉಟ್ಟ ಸೀರೆ ಮಾರನೇ ವಾರ ಚಿಕ್ಕಪೇಟೆಗೆ ಬರುತ್ತೆ ಅಂತ ನಾವೇ ಹೆಮ್ಮೆ ಪಡ್ತೀವಿ. ಸೀರೆ ಮನೆಮನೆಗೆ ಹೋಗೋದಾದ್ರೆ ಮಾತೂ ಹೋಗುತ್ತೆ.

"ಜನ ಕೇಳೋದನ್ನೇ ನಾವು ಕೊಡೋದು" ಅಂತ ಮೀಟಿಂಗಲ್ಲಿ ಹೇಳ್ತಿದ್ರಿ. ಆ ಜನ ಯಾರು ಅಂತ ನನಗೆ ಗೊತ್ತು, ಅವರು ನಮ್ಮಮ್ಮ. ಸಂಜೆ ಆರೂವರೆಗೆ ದೀಪ ಹಚ್ಚಿ ಕೂತ್ರೆ ಹತ್ತು ಗಂಟೆವರೆಗೆ ಏಳಲ್ಲ. ಹೋದ ವರ್ಷ ಒಂದು ಸೀರಿಯಲ್‌ನಲ್ಲಿ ಇಂಥದ್ದೇ ಬಲವಂತದ ತಾಳಿ ಬಂದಾಗ ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅಮ್ಮ ಬಿಡಿಸ್ತಿದ್ದ ಅವರೆಕಾಯಿ ಮೊರಕ್ಕೆ ಹಾಕಿ, "ಥೂ ಇವನ ಮುಖಕ್ಕೆ, ಅವಳನ್ನ ಒಂದು ಮಾತು ಕೇಳಬಾರದಾ" ಅಂದ್ರು. ಪಕ್ಕದ ಮನೆ ಅಜ್ಜಿ, ಎಪ್ಪತ್ತು ದಾಟಿದೋರು, "ಕಿತ್ತು ಬಿಸಾಕಿ ಹೋಗೇ ಮಗಳೇ" ಅಂತ ಟಿವಿಗೆ ಹೇಳಿದ್ರು. ಇದು ನಿಮ್ಮ ಫ್ಯಾಮಿಲಿ ಆಡಿಯನ್ಸು. ಅವರು ಮಾರನೇ ದಿನಾನೂ ನೋಡಿದ್ರು, ನಿಜ, ಆ ಹುಡುಗಿ ಈಗಲಾದ್ರೂ ಹೊರಟುಬಿಡ್ತಾಳಾ ಅಂತ ನೋಡಿದ್ರು. ನಂಬರ್‌ನಲ್ಲಿ ಅದು ಕಾಣಲ್ಲ. ಟಿವಿ ಆನ್ ಇತ್ತು ಅನ್ನೋದು ಮಾತ್ರ ಕಾಣುತ್ತೆ.

ಇದೇ ಅಮ್ಮಂದಿರು ಬೇಸಿಗೆಯಲ್ಲಿ ಹಪ್ಪಳ ಒತ್ತೋಕೆ ಒಟ್ಟಿಗೆ ಕೂತಾಗ ಆಡೋ ಮಾತು ಕೇಳಿದ್ದೀರಾ? ಸಣ್ಣವಳಿದ್ದಾಗ ನನ್ನನ್ನ ಆಚೆ ಆಡ್ಕೋ ಹೋಗು ಅಂತ ಕಳಿಸೋರು, ನಾನು ಕಂಬದ ಹಿಂದೆ ನಿಂತು ಕೇಳ್ತಿದ್ದೆ. ಗಂಡನ ಬಗ್ಗೆ, ಮಂಚದ ಬಗ್ಗೆ, ಯಾರಿಗೆ ಏನು ಹಿತ ಯಾರಿಗೆ ಏನು ಸಾಕಾಗಿದೆ, ಎಲ್ಲಾ ಮಾತಾಡೋರು, ನಗೋರು, ಒಬ್ಬರು ಇದ್ದಕ್ಕಿದ್ದ ಹಾಗೆ ಅಳೋರು, ಉಳಿದೋರು ಲಟ್ಟಣಿಗೆ ಬಿಟ್ಟು ಅವರ ಬೆನ್ನು ಸವರೋರು. ಸೋಬಾನೆ ಹಾಡುಗಳಲ್ಲಿ ಬೀಗರನ್ನ ಹಂಗಿಸೋ ಪದಗಳಂತೂ ಕೇಳೋದೇ ಬೇಡ. ನಮ್ಮ ಹೆಂಗಸರಿಗೆ ಈ ಭಾಷೆ ಹೊಸದಲ್ಲ, ಅವರ ಅಡುಗೆಮನೆಯಲ್ಲಿ ಇರೋದೇ. ಅನುಪಮಾ ನಿರಂಜನ ಅವರು ವೈದ್ಯೆಯಾಗಿ ಕಿಶೋರಿಯರಿಗೋಸ್ಕರ "ಕೇಳು ಕಿಶೋರಿ" ಬರೆದು ದಶಕಗಳೇ ಆದ್ವು, ಹರೆಯದ ಹುಡುಗಿಗೆ ಅವಳ ಮೈ ಬಗ್ಗೆ ಅವಳದೇ ಕನ್ನಡದಲ್ಲಿ ಹೇಳಿದ ಪುಸ್ತಕ ಅದು. ನಮ್ಮಮ್ಮ ನನಗೆ ಬಾಯಲ್ಲಿ ಹೇಳೋಕಾಗದೇ ಆ ಪುಸ್ತಕ ತಂದು ದಿಂಬಿನ ಕೆಳಗೆ ಇಟ್ಟಿದ್ರು. ಕನ್ನಡಕ್ಕೆ ಇಷ್ಟು ಬಾಯಿ ಇದೆ. ಟಿವಿಯಲ್ಲಿ ಮಾತ್ರ ಅದು ಮೂಕ.

ಹಾಗಾದ್ರೆ ನಿಮಗೆ ಏನು ಬೇಕು, ಅಮೆರಿಕದ ಸೆಕ್ಸ್ ಅಂಡ್ ದ ಸಿಟಿ ಸೀರಿಯಲ್ ಥರ ಬೇಕಾ ಅಂತ ಒಬ್ಬರು ಕೇಳಿದ್ರು. ಅದು ಶುರುವಾಗಿದ್ದು 1998ರಲ್ಲಿ, ನ್ಯೂಯಾರ್ಕಿನ ನಾಲ್ಕು ಹೆಂಗಸರು ತಮಗೆ ಏನು ಬೇಕು ಅಂತ ಟೇಬಲ್ ಸುತ್ತ ಕೂತು ಮಾತಾಡಿದ್ರು, ಅದು ಅವರ ಊರು ಅವರ ಬದುಕು. ಅದೇ 1998ರಲ್ಲಿ ನಮ್ಮ ಚಂದನದಲ್ಲಿ ಮಾಯಾಮೃಗ ಬರ್ತಿತ್ತು, ಮಧ್ಯಮವರ್ಗದ ಮನೆಗಳ ಕಷ್ಟ ಸುಖಾನ ಅತ್ತೆ ಸೊಸೆ ವಿಷದ ಬಾಟಲಿ ಇಲ್ಲದೇ ಹೇಳಿ ಊರಿಗೂರೇ ಕೂತು ನೋಡೋ ಹಾಗೆ ಮಾಡ್ತು. ಇತ್ತೀಚಿನ ಓಟಿಟಿಗಳಲ್ಲಿ ನಗರದ ಹುಡುಗೀರ ಕಥೆ ಬರ್ತಿದೆ, ಅಲ್ಲಿ ಸ್ವಾತಂತ್ರ್ಯ ಅಂದ್ರೆ ವೈನ್ ಗ್ಲಾಸು ಮತ್ತೆ ದುಬಾರಿ ಫ್ಲಾಟು ಅನ್ನೋ ಹಾಗೆ ಕಾಣುತ್ತೆ, ಪಿಜಿಯಲ್ಲಿ ಇದ್ಕೊಂಡು ಊರಿಗೆ ದುಡ್ಡು ಕಳಿಸೋ ಹಾಸನದ ಹುಡುಗಿ ಅಲ್ಲೂ ಇಲ್ಲ. ಅವಳಿಗೆ ಒಬ್ಬ ಹುಡುಗ ಇಷ್ಟ ಆದ್ರೆ ಏನು ಮಾಡ್ತಾಳೆ, ಯಾರ ಹತ್ರ ಹೇಳ್ಕೋತಾಳೆ, ಅವನು ಆತುರ ಮಾಡಿದ್ರೆ ಹೇಗೆ ತಡೀತಾಳೆ, ತನಗೇ ಆತುರ ಆದ್ರೆ ಹೇಗೆ ತನ್ನನ್ನ ತಾನು ಕೆಟ್ಟೋಳು ಅಂದ್ಕೊಳ್ಳದೇ ಇರ್ತಾಳೆ. ಇದು ಕಥೆ ಅಲ್ವಾ? ಇದಕ್ಕಿಂತ ಸಸ್ಪೆನ್ಸ್ ಯಾವ ವಿಷದ ಹಾಲಲ್ಲಿದೆ?

ದಾರಿ ಇಲ್ಲ ಅಂತಲ್ಲ. 1984ರಲ್ಲಿ ದೂರದರ್ಶನದ ಹಮ್ ಲೋಗ್ ಶುರುವಾಗಿದ್ದೇ ಕುಟುಂಬ ಯೋಜನೆ ಬಗ್ಗೆ ಮಾತಾಡೋಕೆ. 2014ರಲ್ಲಿ ಮೈ ಕುಛ್ ಭೀ ಕರ್ ಸಕ್ತೀ ಹೂಂ ಅನ್ನೋ ಸೀರಿಯಲ್ ಬಂತು, ಪಾಪ್ಯುಲೇಷನ್ ಫೌಂಡೇಷನ್ ಆಫ್ ಇಂಡಿಯಾ ಮಾಡಿಸಿದ್ದು, ಮುಂಬೈ ಬಿಟ್ಟು ತನ್ನ ಹಳ್ಳಿಗೆ ವಾಪಸ್ ಬಂದ ಸ್ನೇಹಾ ಅನ್ನೋ ಯುವ ಡಾಕ್ಟರ್ ಕಥೆ. ಬಾಲ್ಯವಿವಾಹ, ಗರ್ಭನಿರೋಧಕ, ಹೆಣ್ಣು ಭ್ರೂಣ, ಎಲ್ಲಾ ಅದರಲ್ಲಿ ಬಂತು, ಹಳ್ಳಿ ಜನ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ನೋಡೋ ಸರ್ಕಾರಿ ಚಾನೆಲ್‌ನಲ್ಲಿ. ನಮ್ಮಲ್ಲೇ ಪುಟ್ಟಕ್ಕನ ಮಕ್ಕಳು 2021ರಲ್ಲಿ ಶುರುವಾದಾಗ ಗಂಡು ಮಗು ಹೆರಲಿಲ್ಲ ಅಂತ ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಮಕ್ಕಳನ್ನ ಸಾಕೋದು ನೋಡಿ ನಮ್ಮೂರಿನ ಹೆಂಗಸರು ಎದೆ ತುಂಬಿ ಮಾತಾಡ್ಕೊಂಡಿದ್ದನ್ನ ನಾನು ಕೇಳಿದ್ದೀನಿ. ಒಳ್ಳೇದು ಕೊಟ್ರೆ ಜನ ನೋಡ್ತಾರೆ. ತಾಯಿ ಬಗ್ಗೆ ಅಷ್ಟು ಧೈರ್ಯ ಮಾಡಿದೋರು ಮಗಳ ಆಸೆ ಬಗ್ಗೆನೂ ಒಂದು ಹೆಜ್ಜೆ ಮುಂದೆ ಇಡಬಹುದು ಅಂತಾನೇ ನನ್ನ ನಂಬಿಕೆ.

ನಿಯಮದ ಮಾತು ಒಂದಿದೆ, ಮೀಟಿಂಗಲ್ಲಿ ಪದೇಪದೇ ಕೇಳಿದ್ದೀನಿ, ಪ್ರೋಗ್ರಾಂ ಕೋಡ್ ಒಪ್ಪಲ್ಲ ಅಂತ. ಆ ಕೋಡ್ ಹುಡುಕಿ ಓದಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮ. ಅಶ್ಲೀಲ ಬೇಡ, ಹೆಣ್ಣಿನ ಮೈಯನ್ನ ಕೀಳಾಗಿ ತೋರಿಸಬೇಡಿ ಅನ್ನುತ್ತೆ, ಸರಿ, ಒಪ್ಪೋ ಮಾತು. ಆದ್ರೆ ಅದರಲ್ಲೇ ಇನ್ನೊಂದು ಸಾಲು ಇದೆ, ಹೆಣ್ಣನ್ನ ಸಕಾರಾತ್ಮಕವಾಗಿ, ನಾಯಕತ್ವದ ಪಾತ್ರದಲ್ಲಿ, ಸಂಯಮ ನೈತಿಕತೆ ಶೀಲ ಬೆಳೆಸೋ ಗುಣಗಳ ಜೊತೆ ತೋರಿಸೋಕೆ ಪ್ರಯತ್ನಿಸಬೇಕು ಅಂತ. ಗಂಡಿಗೆ ಇಂಥಾ ಸಾಲು ಅಲ್ಲಿಲ್ಲ. ನಾವು ಆ ಸಾಲಿನಲ್ಲಿ ಶೀಲ ಮಾತ್ರ ಎತ್ಕೊಂಡು ನಾಯಕತ್ವ ಅಲ್ಲೇ ಬಿಟ್ವಿ. ತನ್ನ ಮೈ ಬಗ್ಗೆ ತಾನು ತೀರ್ಮಾನ ತಗೊಳ್ಳೋ ಹುಡುಗಿ ನಾಯಕಿ ಅಲ್ದಿದ್ರೆ ಇನ್ಯಾರು? ನಾನು ಬರೆದ ನಾಲ್ಕು ಸಾಲಲ್ಲಿ ಅಶ್ಲೀಲ ಯಾವುದಿತ್ತು ಅಂತ ಇವತ್ತಿಗೂ ನನಗೆ ಯಾರೂ ಹೇಳಿಲ್ಲ.

ನನ್ನ ಕೋರಿಕೆಗಳು ದೊಡ್ಡವಲ್ಲ. ಬಲವಂತದ ತಾಳಿಯನ್ನ ಪ್ರೀತಿಯ ಮೊದಲ ಮೆಟ್ಟಿಲು ಅಂತ ತೋರಿಸೋದನ್ನ ನಿಲ್ಲಿಸಿ. ಕಥೆಗೆ ಬೇಕೇ ಬೇಕು ಅಂದ್ರೆ ಅದನ್ನ ಅಪರಾಧ ಅಂತಾನೇ ತೋರಿಸಿ, ಆ ಹುಡುಗಿ ವಕೀಲರ ಹತ್ರ ಹೋಗಲಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ, ಆ ನಂಬರ್ ಕೆಳಗೆ ಸ್ಕ್ರಾಲ್ ಆಗಲಿ. ದೂರು ಕೊಡೋಕೆ ಬಿಸಿಸಿಸಿ ಇದೆ ಅಂತ ನೀವೇ ಸ್ಕ್ರಾಲ್ ಹಾಕ್ತೀರಿ, ಮನರಂಜನಾ ವಾಹಿನಿಗಳ ಕಾರ್ಯಕ್ರಮಗಳ ಮೇಲಿನ ದೂರು ಕೇಳೋಕೆ 2011ರಿಂದ ಇರೋ ಮಂಡಳಿ ಅದು. ಇನ್ಮುಂದೆ ಇಂಥಾ ಟ್ರ್ಯಾಕ್ ನೋಡಿದ್ರೆ ನಾನು ದೂರು ಬರೀತೀನಿ, ಈ ಪತ್ರ ಓದಿದ ಹೆಣ್ಮಕ್ಕಳೂ ಬರೀಬೇಕು ಅಂತ ಕೇಳ್ಕೋತೀನಿ. ಮೈ ಕಂಡ್ರೆ ಮಾತ್ರ ದೂರು ಕೊಡಬೇಕು ಅಂತ ನಾವು ಅಂದ್ಕೊಂಡಿದ್ವಿ, ಮನಸ್ಸನ್ನ ತುಳಿದ್ರೂ ಕೊಡಬಹುದು.

ಆ ವಿಲನ್ ಹುಡುಗಿಗೆ ಬೇರೆ ಏನಾದ್ರೂ ತಪ್ಪು ಹುಡುಕಿ. ಆಸ್ತಿ ಕಬಳಿಸಲಿ, ಸುಳ್ಳು ಸಾಕ್ಷಿ ಹೇಳಲಿ. ಆಸೆ ಪಟ್ಟಿದ್ದಕ್ಕೆ ಅವಳನ್ನ ಜೈಲಿಗೆ ಕಳಿಸಬೇಡಿ. ನಾಯಕನಿಗೂ ಒಂದು ಟೆಸ್ಟ್ ಮಾಡಿಸಿ. ಬಂಜೆ ಅನ್ನೋ ಪದವನ್ನ ಬೀಪ್ ಮಾಡಿ, ಎಷ್ಟೋ ಚಿಕ್ಕ ಚಿಕ್ಕ ಪದಕ್ಕೆ ಬೀಪ್ ಹಾಕ್ತೀರಿ. ಮತ್ತೆ ಕಥೆ ತೀರ್ಮಾನ ಆಗೋ ಆ ಟೇಬಲ್‌ಗೆ ಹೆಣ್ಮಕ್ಕಳನ್ನ ಕೂರಿಸಿ, ಮಾತು ತುಂಬೋಕೆ ಮಾತ್ರ ಅಲ್ಲ, ಯಾವ ಸಾಲು ಉಳೀಬೇಕು ಅಂತ ಹೇಳೋ ಅಧಿಕಾರ ಕೊಟ್ಟು ಕೂರಿಸಿ. ನನಗೆ ರಾತ್ರಿ ಹತ್ತೂವರೆಗೆ ಬಂದ ಫೋನ್ ಥರದ್ದು ಇನ್ನೊಬ್ಬ ಹುಡುಗಿಗೆ ಬಂದ್ರೆ, "ಯಾಕೆ ತೆಗೀಬೇಕು" ಅಂತ ಅವಳು ಕೇಳಿದಾಗ ಅವಳಿಗೆ ಕೆಲಸ ಹೋಗೋ ಭಯ ಇರಬಾರದು.

ನನ್ನ ಚಿಕ್ಕಮ್ಮನ ಮಗಳು ಈಗ ತವರಲ್ಲಿದ್ದಾಳೆ, ಟೈಲರಿಂಗ್ ಕಲೀತಿದ್ದಾಳೆ, ಸಂಜೆ ನಮ್ಮಮ್ಮನ ಜೊತೆ ಕೂತು ಸೀರಿಯಲ್ ನೋಡ್ತಾಳೆ, ಈಗಲೂ. ಈ ಪತ್ರವನ್ನ ಮೊದಲು ಅವಳಿಗೇ ಓದಿ ಹೇಳಿದೆ, ಅವಳ ವಿಷಯ ಬರೀಲಾ ಅಂತ ಕೇಳಿದೆ. ಬರಿ ಅಕ್ಕ, ಹೆಸರು ಹಾಕಬೇಡ ಅಂದ್ಲು. ಆಮೇಲೆ ಆ ನಾಲ್ಕು ಸಾಲು ಇನ್ನೊಂದು ಸಲ ಓದು ಅಂದ್ಲು. ಓದಿದೆ.

ಆ ಸೀನ್ ಪೇಪರ್ ಇನ್ನೂ ನನ್ನ ಹತ್ರ ಇದೆ. ಒಂದೂವರೆ ಪುಟ, ಒಂದು ರೂಮು, ಇಬ್ಬರು ಕಲಾವಿದರು, ಅರ್ಧ ದಿನದಲ್ಲಿ ಶೂಟ್ ಆಗುತ್ತೆ. ನಿಮ್ಮಲ್ಲಿ ಯಾರು ಕೇಳಿದ್ರೂ ಕಳಿಸಿಕೊಡ್ತೀನಿ. ದುಡ್ಡು ಬೇಡ, ಟೈಟಲ್ ಕಾರ್ಡಲ್ಲಿ ಹೆಸರೂ ಬೇಡ. ಕೊನೇ ಸಾಲು ಮಾತ್ರ ತೆಗೀಬೇಡಿ.

ಇಂತಿ ನಿಮ್ಮ,
ಒಂದು ಕಾಲದ ಸಂಭಾಷಣೆಗಾರ್ತಿ, ಈಗ ಅಮ್ಮನ ಪಕ್ಕ ಕೂತು ನೋಡೋ ಪ್ರೇಕ್ಷಕಿ